ಸೈಟ್ ಯಾರಿಗೆ ಅಂತ ಮೊದ್ಲು ಹೇಳಿ, ಲೇಔಟ್ ಆಮೇಲೆ ನೋಡೋಣ

ವೆಬ್‌ಸೈಟ್ ಮಾಡಿಸೋಕೆ ಬರೋರಲ್ಲಿ ಮುಕ್ಕಾಲು ಪಾಲು ಜನ ಬಾಯಿ ಬಿಟ್ಟ ಕೂಡ್ಲೇ ಹೇಳೋದು "ಕ್ಲೀನಾಗಿರ್ಲಿ, ಮಾಡರ್ನ್ ಆಗಿರ್ಲಿ" ಅಂತ. ಸ್ಯಾಂಪಲ್ಲಿಗೆ ಒಂದು ಲಿಂಕೂ ಕಳ್ಸಿರ್ತಾರೆ, ತೆಗೆದು ನೋಡಿದ್ರೆ ಯಾವುದೋ ದುಬಾರಿ ಫೋನ್ ಕಂಪನಿಯ ಪೇಜು. ಸ್ಕ್ರೀನ್ ತುಂಬ ಒಂದೇ ಫೋಟೋ, ಅದರ ಮೇಲೆ ನಾಲ್ಕು ಪದ, ಆಮೇಲೆ ಸ್ಕ್ರೋಲ್ ಮಾಡಿದಷ್ಟೂ ಖಾಲಿ ಜಾಗ. ಸರಿ, ನಿಮ್ಮದು ಯಾವ ಸೈಟು ಸಾರ್ ಅಂದ್ರೆ ಆಸ್ಪತ್ರೆದು ಅಂತಾರೆ!

ಫೋನ್ ಮಾರೋನಿಗೆ ಇರೋದು ಒಂದು ಮಾಲು, ನೋಡಿದೋರಿಗೆ ಆಸೆ ಹುಟ್ಟಬೇಕು, ಅಷ್ಟೇ. ಆ ಕೆಲಸಕ್ಕೆ ಆ ಫೋಟೋ, ಆ ಖಾಲಿ ಜಾಗ ಎಲ್ಲ ಸರಿಯಾಗೇ ಇದೆ. ಆದ್ರೆ ಆಸ್ಪತ್ರೆ ಸೈಟಿಗೆ ಯಾರೂ ಆಸೆಪಟ್ಟು ಬರಲ್ಲ. ಮನೇಲಿ ಯಾರಿಗೋ ಹುಷಾರಿಲ್ಲ, ಫೋನ್ ನಂಬರ್ ಬೇಕು, ಡಾಕ್ಟ್ರು ಇವತ್ತು ಇದ್ದಾರಾ ಗೊತ್ತಾಗ್ಬೇಕು, ಎಮರ್ಜೆನ್ಸಿ ಬಾಗಿಲು ಯಾವ ಕಡೆ ಅಂತ ತಿಳೀಬೇಕು. ಅಂಥೋರಿಗೆ ಮೊದಲ ಸ್ಕ್ರೀನಲ್ಲಿ ನಗ್ತಾ ಕೈಕಟ್ಟಿ ನಿಂತಿರೋ ಮಾಡೆಲ್ ಡಾಕ್ಟ್ರುಗಳನ್ನ ತೋರಿಸಿ, ಕೆಳಗೆ ನಮ್ಮ ವಿಷನ್ ನಮ್ಮ ಮಿಷನ್ ಅಂತ ಬರೆದು, ಫೋನ್ ನಂಬರನ್ನ ಎಲ್ಲೋ ಪಾತಾಳದಲ್ಲಿ ಸಣ್ಣಕ್ಷರದಲ್ಲಿ ಇಟ್ರೆ ಅದು ಕ್ಲೀನ್ ಡಿಸೈನ್ ಅಲ್ಲ, ಬೇಜವಾಬ್ದಾರಿ.

ಈ ಲೇಔಟ್ ಚೆನ್ನಾಗಿದೆಯಾ ಅಂತ ಯಾರಾದ್ರೂ ಬರೀ ಸ್ಕ್ರೀನ್‌ಶಾಟ್ ಕಳ್ಸಿ ಕೇಳಿದ್ರೆ ನಾನು ಉತ್ತರ ಕೊಡಲ್ಲ. ಯಾರು ಬರ್ತಾರೆ, ಏನು ಮಾಡೋಕೆ ಬರ್ತಾರೆ ಅಂತ ಗೊತ್ತಿಲ್ದೆ ಲೇಔಟ್ ಚೆನ್ನಾಗಿದೆ ಅನ್ನೋದು ಕಾಲಿನ ಅಳತೆ ಕೇಳ್ದೆ ಚಪ್ಪಲಿ ಚೆನ್ನಾಗಿದೆ ಅಂದಂಗೆ.

ನಮ್ಮ ಫೀಲ್ಡಲ್ಲಿ ಖಾಲಿ ಜಾಗಕ್ಕೆ ಪೂಜೆ ಜಾಸ್ತಿ ಆಗಿದೆ ಅನ್ನೋದು ನನ್ನ ಹಳೇ ತಕರಾರು. ಷೇರು, ಬಾಂಡ್ ವ್ಯವಹಾರ ಮಾಡೋರು ಬಳಸೋ ಬ್ಲೂಮ್‌ಬರ್ಗ್ ಟರ್ಮಿನಲ್ ನೋಡಿ, ಕಪ್ಪು ಸ್ಕ್ರೀನು, ಕಿತ್ತಳೆ ಹಳದಿ ಅಕ್ಷರ, ಒಂದಿಂಚೂ ಬಿಡದೆ ಅಂಕಿಗಳು, ಅದಕ್ಕಂತಲೇ ಬೇರೆ ಬಣ್ಣಬಣ್ಣದ ಕೀಬೋರ್ಡು. ಹೊಸಬರಿಗೆ ತಲೆ ಗಿರ್ ಅನ್ನತ್ತೆ. ಆದ್ರೆ ಅದರ ಮುಂದೆ ಕೂರೋನು ಹೊಸಬ ಅಲ್ವಲ್ಲ, ಬೆಳಗಿಂದ ಸಂಜೆವರೆಗೆ ಅದರಲ್ಲೇ ಇರ್ತಾನೆ, ಯಾವ ಮೂಲೇಲಿ ಯಾವ ಅಂಕಿ ಅಂತ ಅವನ ಕಣ್ಣಿಗೇ ಗೊತ್ತು. ಅವನಿಗೆ ಅದನ್ನ ಚೆಂದವಾಗಿ ಬಿಡಿಸಿ ಬಿಡಿಸಿ ಐದು ಪೇಜ್ ಮಾಡಿ ಕೊಟ್ರೆ ಬೈತಾನೆ. ಆಫೀಸಿನ ಒಳಗೆ ಬಳಸೋ ಬಿಲ್ಲಿಂಗ್, ಸ್ಟಾಕ್, ಟಿಕೆಟ್ ಬುಕಿಂಗ್ ಸ್ಕ್ರೀನ್‌ಗಳೂ ಇದೇ ಜಾತಿ. ದಿನಾ ನೂರು ಸಲ ಮಾಡೋ ಕೆಲಸಕ್ಕೆ ಒಂದೊಂದು ಎಕ್ಸ್‌ಟ್ರಾ ಕ್ಲಿಕ್ಕೂ ಭಾರವೇ.

ಇದಕ್ಕೆ ತದ್ವಿರುದ್ಧ, ವರ್ಷಕ್ಕೊಂದ್ಸಲ ಬರೋನು. ಬ್ರಿಟನ್ ಸರ್ಕಾರದ ಗವ್ ಡಾಟ್ ಯುಕೆ ಸೈಟು (2012ರಲ್ಲಿ ಶುರುವಾಗಿದ್ದು) ಇಂಥೋರಿಗೆ ಅಂತಲೇ ಕೂತು ಯೋಚನೆ ಮಾಡಿ ಕಟ್ಟಿದ್ದು. ಅರ್ಜಿ ಫಾರ್ಮ್‌ಗಳಲ್ಲಿ ಒಂದು ಪೇಜಿಗೆ ಒಂದೇ ವಿಷಯ ಕೇಳೋದ್ರಿಂದ ಶುರು ಮಾಡಿ ಅಂತ ಅವರದ್ದೇ ಸಲಹೆ ಇದೆ. ಹೆಸರು ಕೇಳ್ತು, ಮುಂದಕ್ಕೆ, ಹುಟ್ಟಿದ ದಿನ ಕೇಳ್ತು, ಮುಂದಕ್ಕೆ. ದಿನಾ ಬಳಸೋನಿಗೆ ಇದು ಹಿಂಸೆ, ವರ್ಷಕ್ಕೊಂದ್ಸಲ ಭಯದಲ್ಲಿ ಫಾರ್ಮ್ ತುಂಬೋನಿಗೆ ಇದೇ ವರ. ಅದೇ ಸೈಟಲ್ಲಿ ಸಾರ್ವತ್ರಿಕ ರಜೆಗಳ ಪೇಜಿದೆ, ನನಗೆ ತುಂಬ ಇಷ್ಟ. ಮುಂದಿನ ರಜೆ ಯಾವತ್ತು ಅನ್ನೋದು ಮೇಲ್ಗಡೆ ದಪ್ಪಕ್ಷರದಲ್ಲಿ, ಮಿಕ್ಕ ವರ್ಷದ ಪಟ್ಟಿ ಕೆಳಗೆ. ಸ್ವಾಗತ ಭಾಷಣ ಇಲ್ಲ, ಮಂತ್ರಿಗಳ ಫೋಟೋ ಇಲ್ಲ. ಬಂದ, ನೋಡ್ದ, ಹೋದ.

ಕ್ರೇಗ್ಸ್‌ಲಿಸ್ಟ್ (ಅಮೆರಿಕದ ವರ್ಗೀಕೃತ ಜಾಹೀರಾತು ಸೈಟು) ವಿಷ್ಯ ಬಂದ್ರೆ ಡಿಸೈನರ್‌ಗಳಿಗೆ ಮೈ ಉರಿಯತ್ತೆ. 1995ರಲ್ಲಿ ಶುರುವಾಗಿದ್ದು, ಇವತ್ತಿಗೂ ಹೋಮ್‌ಪೇಜ್ ಅಂದ್ರೆ ನೀಲಿ ಲಿಂಕ್‌ಗಳ ಉದ್ದುದ್ದ ಪಟ್ಟಿ. ಆದ್ರೆ ಹಳೇ ಸೋಫಾ ಹುಡುಕೋನಿಗೆ, ಬಾಡಿಗೆ ಮನೆ ಹುಡುಕೋನಿಗೆ ಬೇಕಾಗಿರೋದು ಆ ಪಟ್ಟಿನೇ ಅಲ್ವಾ.

ಓದೋ ಸೈಟ್‌ಗಳ ಲೆಕ್ಕ ಬೇರೆ. 2023ರ ಜನವರಿಲಿ ಇಂಗ್ಲಿಷ್ ವಿಕಿಪೀಡಿಯ ಲೇಔಟ್ ಬದಲಾದಾಗ ಸಾಲಿನ ಅಗಲ ಕಮ್ಮಿ ಮಾಡಿದ್ರು, ಎರಡೂ ಕಡೆ ಖಾಲಿ ಬಿತ್ತು, ವರ್ಷಗಟ್ಟಲೆ ಅಲ್ಲೇ ಎಡಿಟ್ ಮಾಡ್ತಿದ್ದ ಜನ ಜಗಳಕ್ಕೇ ನಿಂತ್ರು. ಎರಡೂ ಕಡೆಯೋರು ಹೇಳಿದ್ದು ನಿಜವೇ. ಸಾಲು ತೀರಾ ಉದ್ದ ಆದ್ರೆ ಕೊನೆ ಮುಟ್ಟಿ ವಾಪಸ್ ಬರೋವಾಗ ಕಣ್ಣು ಮುಂದಿನ ಸಾಲು ತಪ್ಪಿಸಿಕೊಳ್ಳತ್ತೆ, ಇಂಗ್ಲಿಷಲ್ಲಿ ಸಾಲಿಗೆ 45ರಿಂದ 75 ಅಕ್ಷರ ಹಿತ ಅಂತ ಪುಸ್ತಕ ಅಚ್ಚು ಹಾಕೋರು ಹಿಂದಿನಿಂದ್ಲೂ ಪಾಲಿಸ್ಕೊಂಡು ಬಂದಿದ್ದಾರೆ. ಆದ್ರೆ ಎಡಿಟ್ ಮಾಡೋನು ಓದೋಕೆ ಕೂತಿಲ್ಲ, ಅವನಿಗೆ ಟೇಬಲ್ಲು, ಚಿತ್ರ, ಹಳೇ ವರ್ಷನ್ನು ಹೊಸ ವರ್ಷನ್ನು ಎಲ್ಲ ಒಟ್ಟಿಗೆ ಕಾಣ್ಬೇಕು. ಅಗಲ ಬೇಕು ಅನ್ನೋರಿಗೆ ಒಂದು ಬಟನ್ ಇಟ್ಟಿದ್ದಾರೆ, ನನ್ನ ಪ್ರಕಾರ ಅದೇ ಸರಿಯಾದ ದಾರಿ. (ಕನ್ನಡದಲ್ಲಿ ಮಾಡೋವಾಗ ಇನ್ನೊಂದು ತಲೆನೋವಿದೆ. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟಲ್ಲಿ ಸಾಲಿಗೂ ಸಾಲಿಗೂ ನಡುವೆ ಬಿಟ್ಟಿರೋ ಜಾಗ ನಮ್ಮ ಒತ್ತಕ್ಷರಕ್ಕೆ ಸಾಕಾಗಲ್ಲ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಗಲತ್ತೆ, ಮೆನುಲಿ ಒಂದೊಂದು ಪದ ಎರಡು ಸಾಲಿಗೆ ಒಡೆದು ನಿಲ್ಲತ್ತೆ, ಯಾರೂ ಚೆಕ್ ಮಾಡಿರಲ್ಲ.)

ಎಫ್ ಆಕಾರದ ಕಥೆನೂ ಹೇಳ್ಬೇಕು. 2006ರಲ್ಲಿ ಜನ ವೆಬ್‌ಸೈಟ್ ಹೆಂಗೆ ಬಳಸ್ತಾರೆ ಅಂತ ಅಧ್ಯಯನ ಮಾಡೋ ಯಾಕೋಬ್ ನೀಲ್ಸನ್ 232 ಜನರ ಕಣ್ಣಿನ ಚಲನೆ ರೆಕಾರ್ಡ್ ಮಾಡಿ, ಜನ ವೆಬ್ ಪೇಜನ್ನ ಇಂಗ್ಲಿಷಿನ ಎಫ್ ಅಕ್ಷರದ ಥರ ನೋಡ್ತಾರೆ ಅಂತ ಬರೆದ್ರು, ಮೇಲೆ ಎರಡು ಅಡ್ಡ ಸಾಲು, ಆಮೇಲೆ ಎಡಗಡೆ ಕೆಳಕ್ಕೆ. ಅವತ್ತಿಂದ ಎಷ್ಟೋ ಡಿಸೈನರ್‌ಗಳು ಎಲ್ಲವನ್ನೂ ಎಫ್ ಆಕಾರದಲ್ಲೇ ಜೋಡಿಸೋಕೆ ಹೊರಟ್ರು. ಆದ್ರೆ ಆ ಎಫ್ ಬರೋದು ಹೆಡ್ಡಿಂಗು ಗಿಡ್ಡಿಂಗು ಇಲ್ದೆ ಬರೀ ಟೆಕ್ಸ್ಟ್ ಸುರಿದಿರೋ ಪೇಜನ್ನ ಅವಸರದಲ್ಲಿ ನೋಡೋವಾಗ. ಅದನ್ನ ತಡೀಬೇಕು, ಹೆಡ್ಡಿಂಗ್ ಹಾಕಿ, ಮುಖ್ಯ ಮಾತು ಮೊದಲು ಬರೆದು. ಅಂಗಡಿ ಸೈಟಲ್ಲಿ ಪ್ರಾಡಕ್ಟ್ ಫೋಟೋ ನೋಡೋನ ಕಣ್ಣು ಓಡೋ ದಾರಿನೇ ಬೇರೆ.

ಇನ್ನು ಸ್ಲೈಡರ್. ಹೋಮ್‌ಪೇಜಲ್ಲಿ ತಾನೇ ತಾನಾಗಿ ಸರಿಯೋ ನಾಲ್ಕೈದು ಬ್ಯಾನರ್. ಅಮೆರಿಕದ ನೋಟರ್ ಡೇಮ್ ಯೂನಿವರ್ಸಿಟಿಯ ವೆಬ್ ಡೆವಲಪರ್ ಒಬ್ಬರು 2013ರಲ್ಲಿ ತಮ್ಮದೇ ಸೈಟಿನ ಲೆಕ್ಕ ಹೊರಗೆ ಹಾಕಿದ್ರು: ಸ್ಲೈಡರ್ ಮೇಲೆ ಕ್ಲಿಕ್ ಮಾಡಿದೋರು ಬಂದೋರಲ್ಲಿ ಹೆಚ್ಚುಕಮ್ಮಿ 1%, ಆ ಕ್ಲಿಕ್ಕುಗಳಲ್ಲೂ 84% ಮೊದಲನೇ ಸ್ಲೈಡಿಗೇ. ಆದ್ರೂ ಯಾಕೆ ಎಲ್ಲರೂ ಸ್ಲೈಡರ್ ಕೇಳ್ತಾರೆ ಅಂದ್ರೆ, ಒಳಗಡೆ ಐದು ಡಿಪಾರ್ಟ್‌ಮೆಂಟ್ ಇರತ್ತೆ, ಐದಕ್ಕೂ ಹೋಮ್‌ಪೇಜಲ್ಲಿ ಮೇಲ್ಗಡೆ ಜಾಗ ಬೇಕು, ಯಾರಿಗೂ ಇಲ್ಲ ಅನ್ನೋಕೆ ಧೈರ್ಯ ಇಲ್ಲ, ಹಂಗಾಗಿ ಎಲ್ಲರನ್ನೂ ಸರದೀಲಿ ತಿರುಗಿಸೋದು. ಅದು ಮೀಟಿಂಗಿನ ರಾಜಿ ಪಂಚಾಯ್ತಿ, ಹೊರಗಿಂದ ಬರೋನಿಗೆ ಅದರಿಂದ ಏನೂ ಆಗ್ಬೇಕಿಲ್ಲ.

ಮೊಬೈಲ್ ಬಗ್ಗೆ ಎಲ್ಲರೂ ಹೇಳ್ತಾರೆ, ಜಾಸ್ತಿ ಹೇಳಲ್ಲ. ಸ್ಕ್ರೀನಿನ ಅಗಲಕ್ಕೆ ತಕ್ಕಂಗೆ ಪೇಜು ತಾನೇ ಹೊಂದಿಕೊಳ್ಳೋದಕ್ಕೆ ರೆಸ್ಪಾನ್ಸಿವ್ ವೆಬ್ ಡಿಸೈನ್ ಅಂತ ವೆಬ್ ಡಿಸೈನರ್ ಈಥನ್ ಮಾರ್ಕಾಟ್ ಹೆಸರಿಟ್ಟಿದ್ದು 2010ರಲ್ಲಿ, ಅಂದ್ರೆ ಹೊಸ ವಿಷ್ಯ ಏನಲ್ಲ, ಆದ್ರೂ ಇವತ್ತಿಗೂ ಜನ ಅದನ್ನ ಬರೀ ಕುಗ್ಗಿಸೋದು ಅಂದ್ಕೊಂಡಿದ್ದಾರೆ. ಕಂಪ್ಯೂಟರಲ್ಲಿ ಬಲಗಡೆ ಕಾಲಮ್ಮಲ್ಲಿ ಚೆನ್ನಾಗಿ ಕಾಣ್ತಿದ್ದ ಕಾಂಟ್ಯಾಕ್ಟ್ ಬಾಕ್ಸು ಫೋನಲ್ಲಿ ಇಡೀ ಲೇಖನದ ಕೆಳಗೆ ಹೋಗಿ ಬೀಳತ್ತೆ, ಯಾಕಂದ್ರೆ ಕಾಲಮ್ಮುಗಳು ಒಂದರ ಕೆಳಗೊಂದು ಬರ್ತಾವೆ. ಯಾವುದು ಮೊದಲು ಯಾವುದು ಆಮೇಲೆ ಅಂತ ಫೋನ್ ಸ್ಕ್ರೀನ್ ಇಟ್ಕೊಂಡೇ ತೀರ್ಮಾನ ಆಗ್ಬೇಕು. ಮೂರು ಗೆರೆ ಮೆನು ಬಗ್ಗೆನೂ ಅಷ್ಟೇ, ನಲವತ್ತು ಲಿಂಕ್ ಇದ್ರೆ ಬಚ್ಚಿಡಿ, ಇರೋದೇ ನಾಲ್ಕು ಲಿಂಕಿಗೆ ಆ ಗೆರೆಗಳ ಹಿಂದೆ ಅಡಗಿಸೋದು ಏನು ಬುದ್ಧಿವಂತಿಕೆನೋ.

ವಯಸ್ಸು ಮರೀಬೇಡಿ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗೋದು ಹೆಚ್ಚುಕಮ್ಮಿ ಎಲ್ಲರಿಗೂ ಇದ್ದಿದ್ದೇ. ಇಪ್ಪತ್ತೈದರ ಹುಡುಗ ಒಳ್ಳೇ ಮಾನಿಟರ್ ಮುಂದೆ ಕೂತು ಬಿಳಿ ಮೇಲೆ ತಿಳಿ ಬೂದು ಬಣ್ಣದಲ್ಲಿ ಪುಟ್ಟ ಅಕ್ಷರ ಇಡ್ತಾನೆ, ಅವನ ಕಣ್ಣಿಗೆ ಅದು ಎಲಿಗೆಂಟು, ಬಿಸಿಲಲ್ಲಿ ನಿಂತು ಫೋನ್ ನೋಡೋ ಅರವತ್ತರೋರಿಗೆ ಅಲ್ಲಿ ಏನೂ ಇಲ್ಲ. ವೆಬ್‌ನ ಅಕ್ಸೆಸಿಬಿಲಿಟಿ (ಕಣ್ಣು ಮಂದ ಇರೋರೂ ಸೇರಿ ಎಲ್ಲರೂ ಬಳಸೋ ಹಂಗಿರೋದು) ಗೈಡ್‌ಲೈನ್ಸಲ್ಲಿ ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದ್ರೆ ತಿಳಿ-ಗಾಢದ ಅಂತರ, ಇರ್ಬೇಕು ಅಂತಿದೆ, ಫ್ರೀ ಟೂಲಲ್ಲಿ ಎರಡು ಬಣ್ಣ ಹಾಕಿದ್ರೆ ತಕ್ಷಣ ಹೇಳತ್ತೆ.

ಒಬ್ಬನೇ ಮನುಷ್ಯ ಬೇರೆ ಬೇರೆ ಹೊತ್ತಲ್ಲಿ ಬೇರೆ ಬೇರೆ ಆಡಿಯನ್ಸ್ ಆಗ್ತಾನೆ, ಇದು ನನಗೆ ಸಖತ್ ಅನ್ಸೋ ವಿಷ್ಯ. 2017ರಲ್ಲಿ ಇರ್ಮಾ ಚಂಡಮಾರುತ ಫ್ಲೋರಿಡಾಗೆ ಬಂದಾಗ ಅಮೆರಿಕದ ಸುದ್ದಿ ಸಂಸ್ಥೆಗಳಾದ ಸಿಎನ್‌ಎನ್, ಎನ್‌ಪಿಆರ್ ಎರಡೂ ಬರೀ ಅಕ್ಷರದ ಸೈಟ್ ಲಿಂಕ್ ಹಂಚಿದ್ವು. ಫೋಟೋ ಇಲ್ಲ, ವಿಡಿಯೋ ಇಲ್ಲ, ಸುದ್ದಿ ಹೆಡ್ಡಿಂಗ್‌ಗಳ ಪಟ್ಟಿ ಅಷ್ಟೇ. ಹೋದ ವಾರ ಆರಾಮಾಗಿ ವಿಡಿಯೋ ನೋಡ್ತಿದ್ದೋನೇ ಈಗ ಕರೆಂಟಿಲ್ದೆ, ಮುಗೀತಾ ಬಂದ ಬ್ಯಾಟರಿ, ಸತ್ತ ನೆಟ್‌ವರ್ಕ್ ಇಟ್ಕೊಂಡು ಕೂತಿರೋವಾಗ ಅವನಿಗೆ ಬೇಕಾದ ಲೇಔಟ್ ಅದು.

ನಿಜವಾಗ್ಲೂ ಕಷ್ಟ ಆಗೋದು ಒಂದೇ ಸೈಟಿಗೆ ಎರಡು ಮೂರು ಥರದ ಜನ ಬರೋವಾಗ. ಕಾಲೇಜ್ ಸೈಟ್ ತಗೊಳ್ಳಿ, ಸೇರಬೇಕು ಅಂತಿರೋ ಹುಡುಗರು, ಅವರ ಅಪ್ಪ ಅಮ್ಮ, ಈಗಾಗ್ಲೇ ಓದ್ತಿರೋರು, ಲೆಕ್ಚರರ್‌ಗಳು. ಸುಲಭದ ದಾರಿ ಅಂತ ಮೇಲ್ಗಡೆ "ವಿದ್ಯಾರ್ಥಿಗಳಿಗೆ", "ಪೋಷಕರಿಗೆ" ಅಂತ ಬಾಗಿಲು ಮಾಡಿಬಿಡ್ತಾರೆ, ನನಗೆ ಅದು ಸರಿ ಕಾಣಲ್ಲ. ಫೀಸ್ ಎಷ್ಟು ಅಂತ ನೋಡೋಕೆ ಬಂದ ಅಪ್ಪ ಪೋಷಕರ ಬಾಗಿಲಿಗೆ ಹೋಗ್ಬೇಕಾ ವಿದ್ಯಾರ್ಥಿಗಳದಕ್ಕಾ? ಎರಡಕ್ಕೂ ಹೋಗಿ ನೋಡ್ತಾನೆ, ಇನ್ನೊಂದರಲ್ಲಿ ಬೇರೆ ಏನೋ ಇದೆಯೇನೋ ಅನ್ನೋ ಅನುಮಾನ ಅವನಿಗೆ. "ಫೀಸ್", "ಅಡ್ಮಿಷನ್", "ಹಾಸ್ಟೆಲ್" ಅಂತ ಕೆಲಸದ ಹೆಸರೇ ಇಟ್ರೆ ಯಾರು ಬಂದ್ರೂ ನಡೆಯತ್ತೆ. ದಿನಾ ಬರೋ ಹುಡುಗರಿಗೂ ಲೆಕ್ಚರರ್‌ಗಳಿಗೂ ಲಾಗಿನ್ ಹಿಂದೆ ಬೇರೆನೇ ಪೇಜ್ ಕೊಡಿ, ಅದನ್ನ ಎಷ್ಟು ಬೇಕಾದ್ರೂ ಒತ್ತೊತ್ತಾಗಿ ಮಾಡಿ, ಹೋಮ್‌ಪೇಜ್ ಹೊಸಬರಿಗಿರ್ಲಿ.

ಬರೋ ಜನ ಏನು ಕೇಳ್ತಾರೆ ಅಂತ ಗೊತ್ತಿರೋದು ರಿಸೆಪ್ಷನ್ನಲ್ಲಿ ಫೋನ್ ಎತ್ತೋರಿಗೆ. ಅವರನ್ನ ಮೊದಲ ಮೀಟಿಂಗಿಗೆ ಕರೀರಿ ಅಂತ ನಾನು ಪ್ರತಿ ಕ್ಲೈಂಟಿಗೂ ಹೇಳ್ತೀನಿ, ಬರೋದು ಮಾತ್ರ ಎಂಡಿ, ಮಾರ್ಕೆಟಿಂಗ್ ಹೆಡ್ಡು, ಕೆಲವು ಸಲ ಎಂಡಿ ಮಗ. ಹಂಗಾಗಿ ಈಗೀಗ ಮೀಟಿಂಗಿಗಿಂತ ಮುಂಚೆನೇ ಹಳೇ ಸೈಟಿನ ಸರ್ಚ್ ಬಾಕ್ಸಲ್ಲಿ ಜನ ಏನೇನು ಟೈಪ್ ಮಾಡಿದ್ದಾರೆ ಅನ್ನೋ ಲಿಸ್ಟ್ ತೆಗೆಸ್ಕೊಂಡು, ಪ್ರಿಂಟ್ ಹಾಕಿ ಟೇಬಲ್ ಮೇಲೆ ಇಡ್ತೀನಿ. "ವಿಷನ್" ಅಂತ ಹುಡುಕಿದೋನು ಒಬ್ನೂ ಸಿಗಲ್ಲ ಅದ್ರಲ್ಲಿ.