ಹಳೆಯ ಮಾರ್ಕ್ಸ್ ಕಾರ್ಡಿಗೆ ಅರ್ಧ ಪುಟದ ಉತ್ತರ

ನಲವತ್ತು ದಾಟಿದವರು ಲಾ ಓದ್ತೀನಿ ಅಂದರೆ ನಮ್ಮ ಸೋಮವಾರಪೇಟೆ ಕಡೆ ಮೊದಲು ಕೇಳುವುದು, 'ಡಿಗ್ರೀಲಿ ಎಷ್ಟು ಪರ್ಸೆಂಟ್ ಆಗಿತ್ತು?' ಅಂತ. ಕೇಳುವವರ ತಪ್ಪಲ್ಲ. ಬಾರ್ ಕೌನ್ಸಿಲಿನ 2008ರ ನಿಯಮದಂತೆ ಮೂರು ವರ್ಷದ ಎಲ್‌ಎಲ್‌ಬಿ ಸೇರಲು ಸಾಮಾನ್ಯ ವರ್ಗದವರಿಗೆ ಡಿಗ್ರಿಯಲ್ಲಿ ಶೇಕಡಾ 45, ಪರಿಶಿಷ್ಟರಿಗೆ 40 ಬೇಕು. ಅಷ್ಟಿಲ್ಲದಿದ್ದರೆ ಬಾಗಿಲು ಮುಚ್ಚಿದಂತೆಯೇ. ಯಾಕೆ ಕಡಿಮೆ ಬಂತು ಅಂತ ಯಾರೂ ಕೇಳುವುದಿಲ್ಲ.

ನಾನಿರುವ ಅಮೆರಿಕದಲ್ಲಿ ಕೇಳುತ್ತಾರೆ. ಇಲ್ಲೂ ಲಾ ಅಂದರೆ ಡಿಗ್ರಿ ಆದಮೇಲೆ ಸಾಮಾನ್ಯವಾಗಿ ಮೂರು ವರ್ಷದ ಓದು. ಕಾಲೇಜಿನ ಜಿಪಿಎ, ಅಂದರೆ ಡಿಗ್ರಿಯ ಸರಾಸರಿ ಅಂಕ, ಜೊತೆಗೆ 120ರಿಂದ 180ರವರೆಗೆ ಅಂಕ ಇರುವ ಎಲ್‌ಸ್ಯಾಟ್ ಅನ್ನುವ ಲಾ ಪ್ರವೇಶ ಪರೀಕ್ಷೆ, ಇವೆರಡಕ್ಕೇ ಜಾಸ್ತಿ ತೂಕ. ಆದರೆ ಅಂಕ ಕಮ್ಮಿ ಇದ್ದವರು ಅರ್ಜಿಯ ಜೊತೆ ಅಡೆಂಡಮ್ ಅಂತ ಒಂದು ಚಿಕ್ಕ ವಿವರಣೆ ಸೇರಿಸಬಹುದು.

ಶನಿವಾರಸಂತೆ ಕಡೆಯ ಗೆಳತಿಯೊಬ್ಬರು ಈಗ ಅದನ್ನೇ ಬರೆಯುತ್ತಿದ್ದಾರೆ. ಅವರು ಡಿಗ್ರಿ ಓದುತ್ತಿದ್ದಾಗ, 2001ರ ಸುಮಾರಿಗೆ, ಕಾಫಿ ಬೆಲೆ ನೆಲ ಕಚ್ಚಿತ್ತು. ಆಗ ತೋಟ ಇದ್ದವರ ಮನೆಯ ಪಾಡು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅವರ ಮೊದಲ ಕರಡು ಎರಡು ಪುಟ ಇತ್ತು. ಅಪ್ಪನ ಸಾಲ, ಅಮ್ಮನ ಕಣ್ಣೀರು, ಪಾಠ ಸರಿಯಾಗಿ ಮಾಡದ ಒಬ್ಬ ಲೆಕ್ಚರರ್, ಎಲ್ಲವೂ ಇತ್ತು. ಇಬ್ಬರೂ ಕೂತು ಕತ್ತರಿಸಿದೆವು. ಲೆಕ್ಚರರ್ ಮೊದಲು ಹೋದರು. ಕೊನೆಗೆ ಉಳಿದಿದ್ದು ಇಷ್ಟು:

'ಎರಡನೇ ವರ್ಷ ಕಾಫಿ ಬೆಲೆ ಕುಸಿದು ತಂದೆಗೆ ಆಳುಗಳನ್ನು ಇಟ್ಟುಕೊಳ್ಳಲು ಆಗಲಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ನಾನು ಕಾಲೇಜಿಗೆ ಹೋಗದೆ ತೋಟದಲ್ಲಿ ಕೆಲಸ ಮಾಡಿದೆ. ಆ ವರ್ಷದ ಅಂಕಗಳು ಅದಕ್ಕೇ ಕಡಿಮೆ. ಮೂರನೇ ವರ್ಷದ ಅಂಕಗಳನ್ನು ದಯವಿಟ್ಟು ನೋಡಿ.'

ಇದೇ ಸರಿಯಾದ ಅಳತೆ ಅಂತ ನನ್ನ ನಂಬಿಕೆ. ಏನಾಯ್ತು, ಯಾವಾಗ ಆಯ್ತು, ಆಮೇಲೆ ಏನು ಬದಲಾಯ್ತು, ಇಷ್ಟು ಸಾಕು. ಬದುಕಿನ ಕತೆಗೆ ಪರ್ಸನಲ್ ಸ್ಟೇಟ್‌ಮೆಂಟ್ ಅಂತ ಬೇರೆಯೇ ಬರಹ ಇದೆ, ಎರಡನ್ನೂ ಬೆರೆಸಬಾರದು. ದೊಡ್ಡ ಕಾರಣವೇ ಇಲ್ಲದವರೂ ಇರುತ್ತಾರೆ. 'ಆ ವಯಸ್ಸಿನಲ್ಲಿ ಓದಿನ ಮೇಲೆ ಗಮನ ಇರಲಿಲ್ಲ' ಅಂತ ಒಂದೇ ಸಾಲು ಬರೆದು, ಎಲ್‌ಸ್ಯಾಟ್ ಅಂಕವನ್ನೂ ಇಷ್ಟು ವರ್ಷದ ಕೆಲಸವನ್ನೂ ತೋರಿಸಿದರೆ ಆಯ್ತು. ಇಲ್ಲದ ಕಾಯಿಲೆ ಹುಟ್ಟಿಸುವುದಕ್ಕಿಂತ ಅದು ಎಷ್ಟೋ ಮೇಲು.

ವಿವರಣೆ ಕೊಟ್ಟ ಮಾತ್ರಕ್ಕೆ ಅಂಕ ಬದಲಾಗುವುದಿಲ್ಲ, ಅದೂ ನಿಜ. ಇಲ್ಲಿನ ಲಾ ಸ್ಕೂಲುಗಳು ಸೇರಿದವರ ಜಿಪಿಎ, ಎಲ್‌ಸ್ಯಾಟ್ ಎರಡರ ಮಧ್ಯಾಂಕವನ್ನೂ (ಮೀಡಿಯನ್) ಪ್ರಕಟಿಸಬೇಕು, ರ್‍ಯಾಂಕಿಂಗಿಗೂ ಅವು ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಅಂಕದ ಮೇಲಿನ ಕಣ್ಣು ಅವರೂ ತೆಗೆಯುವುದಿಲ್ಲ.

ಭಾರತದ ನಮ್ಮ ಪದ್ಧತಿಯ ಒಂದು ಗುಣ ನನಗೆ ಇಷ್ಟ. ದುಡ್ಡು ಕೊಟ್ಟು ಚೆಂದದ ಪ್ರಬಂಧ ಬರೆಸಿಕೊಂಡವರಿಗೆ ಅಲ್ಲಿ ಹೆಚ್ಚುಗಾರಿಕೆ ಇಲ್ಲ. ಆದರೆ ಇಪ್ಪತ್ತರ ವಯಸ್ಸಿನ ಅಂಕ ನಲವತ್ತೈದರಲ್ಲೂ ಬೆನ್ನು ಬಿಡದಿರುವುದು ಸರಿಯಲ್ಲ. ಜಮ್ಮಾ ಬಾಣೆಯ, ಅಂದರೆ ನಮ್ಮ ಕಡೆಯ ಹಳೆಯ ಹಿಡುವಳಿ ಜಮೀನಿನ, ಪಹಣಿಯಲ್ಲಿ ಹೆಸರು ಸರಿಮಾಡಿಸಲು ತಾಲ್ಲೂಕು ಕಚೇರಿಗೆ ವರ್ಷಗಟ್ಟಲೆ ಅಲೆದವರು ಕೊಡಗಿನಲ್ಲಿ ಎಷ್ಟು ಮಂದಿ ಇಲ್ಲ? ಕಂದಾಯದ ಕಾಗದ ಓದುವುದನ್ನು ಅವರು ಅಲೆದಲೆದೇ ಕಲಿತಿದ್ದಾರೆ. ಅಂಥವರು ವಕೀಲರಾದರೆ ಊರಿಗೇ ಲಾಭ ಅಲ್ವಾ? ಡಿಗ್ರಿ ಮುಗಿಸಿ ಹತ್ತು ವರ್ಷ ಕಳೆದವರಿಗೆ ಒಂದು ಪ್ರವೇಶ ಪರೀಕ್ಷೆ ಇಡಲಿ, ಜೊತೆಗೆ ಅರ್ಧ ಪುಟ ಬರೆಯಲು ಬಿಡಲಿ. ಪರೀಕ್ಷೆ ಪಾಸಾದವರಿಗೆ ಹಳೆಯ ಪರ್ಸೆಂಟಿನ ಅಡ್ಡಿ ಇರಬಾರದು.

ಕೊಡಗಿನ ಡಿಗ್ರಿ ಇಟ್ಟುಕೊಂಡು ಇಲ್ಲಿ ಅರ್ಜಿ ಹಾಕುವವರಿಗೆ ಇನ್ನೊಂದು ಮಾತು. ಟ್ರಾನ್ಸ್‌ಕ್ರಿಪ್ಟ್, ಅಂದರೆ ಡಿಗ್ರಿಯ ಅಧಿಕೃತ ಅಂಕಪಟ್ಟಿ, ನೀವು ಕಳಿಸಿದರೆ ಸಾಲದು, ಓದಿದ ಕಡೆಯಿಂದಲೇ ನೇರವಾಗಿ ಬರಬೇಕು. ಆ ಕಾಲದಲ್ಲಿ ನಮ್ಮ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಹಾಗಾಗಿ ಕೊಣಾಜೆಗೆ ಹೋಗಿಬರಲು ಊರಿನಲ್ಲಿ ಯಾರಾದರೂ ಬೇಕಾಗಬಹುದು. ವಿವರಣೆ ಬರೆಯಲು ಕೂರುವ ಮೊದಲೇ ಅಣ್ಣನಿಗೋ ತಮ್ಮನಿಗೋ ಫೋನ್ ಮಾಡಿ ಆ ಕೆಲಸ ಶುರು ಮಾಡಿಸಿ.