ಕೈ ಆಡದಿದ್ದರೆ ಆಸಾಮಿಯೇ ಇಲ್ಲವೆಂದು ಲೆಕ್ಕವೆ?

ಮೂರು ವಾರ. ಸರಿಯಾಗಿ ಮೂರು ವಾರ ನನ್ನ ಕಂಪ್ಯೂಟರ್ ನನ್ನೆದುರಿಗೇ ಹತ್ತು ನಿಮಿಷಕ್ಕೊಮ್ಮೆ ಕಣ್ಣು ಮುಚ್ಚಿಕೊಂಡಿತು. ರಾಹುಕಾಲವಾದರೂ ದಿನಕ್ಕೊಮ್ಮೆ ಬಂದು ಒಂದೂವರೆ ಗಂಟೆಯಲ್ಲಿ ತೊಲಗುತ್ತದೆ, ಅದೂ ಪಂಚಾಂಗದಲ್ಲಿ ಮೊದಲೇ ಹೇಳಿ. ಇದು ಹೇಳದೆ ಕೇಳದೆ ದಿನವಿಡೀ ಬರುತ್ತಿತ್ತು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಷ್ಟು ಸಣ್ಣ ವಿಷಯಕ್ಕೆ ಇವಳೇಕೆ ಇಷ್ಟು ಹಾರಾಡುತ್ತಾಳೆ ಎನ್ನಿಸಬಹುದು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲೇ ಕುಳಿತು ಕರಡು ತಿದ್ದುತ್ತೇನೆ. ಅಕ್ಷರಜೋಡಣೆಯಾದ ಪುಟಗಳನ್ನು ಲೇಖಕರ ಕೈಬರಹದ ಜೊತೆ ತಾಳೆ ನೋಡುವುದು. ನಮ್ಮ ಅತ್ತೆ ನಿವೃತ್ತ ಕನ್ನಡ ಅಧ್ಯಾಪಕಿ. ಅವರು ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾರೆ, ನಾನು ಪರದೆಯ ಮೇಲೆ ಕಣ್ಣು ನೆಟ್ಟಿರುತ್ತೇನೆ. ಚಿಹ್ನೆಗಳನ್ನೂ ಬಿಡುವುದಿಲ್ಲ: ‘ಊರಿಗೆ ಬಂದರು ಅಲ್ಪವಿರಾಮ ಮನೆಗೆ ಮಾತ್ರ ಬರಲಿಲ್ಲ ಪೂರ್ಣವಿರಾಮ’. ಎರಡು ಪುಟಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ಹೀಗೆ ಓದುತ್ತಾ ಹೋದರೆ ಹತ್ತು ನಿಮಿಷ ಸುಲಭವಾಗಿ ದಾಟುತ್ತದೆ. ತಪ್ಪು ಸಿಕ್ಕರೆ ಕೈ ಮೌಸಿಗೆ ಹೋಗುತ್ತದೆ, ಪರದೆ ಉಳಿಯುತ್ತದೆ. ತಪ್ಪೇ ಇಲ್ಲದಿದ್ದರೆ ಕತ್ತಲೆ! ಕೆಟ್ಟದಾಗಿ ಟೈಪು ಮಾಡಿದ ಪುಟಕ್ಕೆ ಬೆಳಕು, ಚೊಕ್ಕವಾಗಿ ಮಾಡಿದ ಪುಟಕ್ಕೆ ಶಿಕ್ಷೆ. ಇದು ಯಾವ ಊರಿನ ನ್ಯಾಯ?

ಕಪ್ಪಾದ ಮೇಲೆ ಮೌಸ್ ಅಲುಗಿಸಿದರೆ ಮುಗಿಯಿತಲ್ಲ ಎನ್ನುವವರಿಗೆ ಉತ್ತರ ಇಲ್ಲಿದೆ. ಅಲುಗಿಸಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ನನ್ನ ಕೀಲಿಮಣೆ ಕೆಲಸದ ಹೊತ್ತಿನಲ್ಲಿ ಕ.ಗ.ಪ. ಎಂಬ ಕನ್ನಡ ವಿನ್ಯಾಸದಲ್ಲಿರುತ್ತದೆ, ಪಾಸ್‌ವರ್ಡ್ ಇರುವುದು ಇಂಗ್ಲಿಷಿನಲ್ಲಿ. ಬೀಗದ ಪರದೆಯಲ್ಲೂ ಕೀಲಿಮಣೆ ಕನ್ನಡವನ್ನೇ ಒತ್ತುತ್ತಿತ್ತು. ಕಾಣುವುದು ಬರೀ ಕಪ್ಪು ಚುಕ್ಕಿಗಳು, ಚುಕ್ಕಿಗೆ ಯಾವ ಲಿಪಿ? ‘ತಪ್ಪು ಪಾಸ್‌ವರ್ಡ್’, ಮತ್ತೆ ‘ತಪ್ಪು ಪಾಸ್‌ವರ್ಡ್’. ನಾಲ್ಕನೆಯ ಸಲ ಗೊತ್ತಾಗಿ ಭಾಷೆ ಬದಲಿಸಿ ಒಳಗೆ ಹೋಗುವಷ್ಟರಲ್ಲಿ ಅತ್ತೆ ಯಾವ ಸಾಲಿನಲ್ಲಿ ಬೆರಳಿಟ್ಟಿದ್ದರೆಂಬುದು ಅವರಿಗೂ ಮರೆತಿರುತ್ತಿತ್ತು. ಮತ್ತೆ ಪ್ಯಾರಾದ ಮೊದಲಿನಿಂದ.

ಮೊದಲನೆಯ ವಾರವೇ ಸಿಪಿಯು, ಮಾನಿಟರ್ ಎರಡನ್ನೂ ಆಟೋದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾತ ರ‍್ಯಾಮ್ ಬಿಚ್ಚಿ ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲುಗಳನ್ನು ಉಜ್ಜಿದ. ಆಮೇಲೆ ಕೇಬಲ್ ಲೂಸ್ ಎಂದು ಹೊಸದು ಹಾಕಿ 450 ರೂಪಾಯಿ ತೆಗೆದುಕೊಂಡ. ಒಳಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೂ ಅನುಮಾನವಿದೆ, ಮುಂದಿನ ಸಲ ನೋಡೋಣ ಎಂದ. ಅಂಗಡಿಯಲ್ಲಿ ಅದು ಒಮ್ಮೆಯೂ ಕಪ್ಪಾಗಲಿಲ್ಲ. ಹೇಗಾದೀತು? ಆತ ಮೌಸನ್ನು ಒಂದು ಕ್ಷಣವೂ ಸುಮ್ಮನೆ ಬಿಡಲಿಲ್ಲ. ‘ನೋಡಿ ಮೇಡಂ, ಸರಿಹೋಯಿತು’ ಎಂದು ಪ್ಲಗ್ ಕಿತ್ತುಕೊಟ್ಟ. ಮನೆಗೆ ಬಂದು ಮೊದಲ ಎರಡು ಪುಟ ಓದುವಷ್ಟರಲ್ಲಿ ಮತ್ತೆ ಅದೇ ಅಮಾವಾಸ್ಯೆ.

ಗೋಡೆ ಗಡಿಯಾರ ನೋಡಿ ಲೆಕ್ಕ ಇಟ್ಟವರು ಅತ್ತೆ. ಮೂರು ಸಲ ನೋಡಿದರು, ಮೂರು ಸಲವೂ ನಾನು ಕೈ ತೆಗೆದ ಗಳಿಗೆಯಿಂದ ಹತ್ತೇ ನಿಮಿಷ. ಕೆಟ್ಟ ಕೇಬಲ್ ಗಡಿಯಾರ ನೋಡಿಕೊಂಡು ಕೆಡುತ್ತದೆಯೆ? ಅಂದರೆ ಏನೂ ಕೆಟ್ಟಿಲ್ಲ, ಯಾರೋ ಹಾಗೆ ಮಾಡಲು ಹೇಳಿಟ್ಟಿದ್ದಾರೆ. ಇದು ಹೊಳೆದ ಮೇಲೆ ನನ್ನ ಸಿಟ್ಟು ಇಮ್ಮಡಿಯಾಯಿತು.

ನನ್ನದು ಹಳೆಯ ಯಂತ್ರ, ತಮ್ಮ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದಾನೆ. ಸೆಟ್ಟಿಂಗ್ಸ್ ತೆರೆದು, ಸುಮ್ಮನಿದ್ದರೆ ಪರದೆ ಮುಚ್ಚಿ ಬೀಗ ಹಾಕುವ ಸ್ಕ್ರೀನ್‌ಸೇವರನ್ನು ನಿಲ್ಲಿಸಿದೆ. ಪಾಸ್‌ವರ್ಡಿನ ಕಾಟ ತಪ್ಪಿತು, ಕತ್ತಲೆ ತಪ್ಪಲಿಲ್ಲ. ವಿದ್ಯುತ್ ಉಳಿತಾಯದ ಕಿಟಕಿಗೆ ಹೋಗಿ, ಪರದೆಯನ್ನು ಎಷ್ಟು ಹೊತ್ತಿಗೆ ಆರಿಸಬೇಕು ಎಂದಿದ್ದಲ್ಲೆಲ್ಲ ‘ನೆವರ್’ ಎಂದು ಇಟ್ಟೆ. ಹತ್ತು ನಿಮಿಷಕ್ಕೆ ಮತ್ತೆ ಕಪ್ಪು. ಪದಕ್ಕೆ ಅರ್ಥ ಇರಬೇಕು ಎಂದು ಅಲ್ಪವಿರಾಮಕ್ಕೂ ಜಗಳವಾಡುವವಳು ನಾನು. ಎಂದಿಗೂ ಬೇಡ ಎಂದು ಕೇಳಿ, ಹೂಂ ಎಂದು ಒಪ್ಪಿಕೊಂಡು, ಹತ್ತು ನಿಮಿಷಕ್ಕೆ ಮಾತು ಮುರಿಯುವ ಈ ‘ನೆವರ್’ ಯಾವ ನಿಘಂಟಿನದು?

ಸುಳಿವು ಸಿಕ್ಕಿದ್ದು ರಾತ್ರಿ ಊಟವಾದ ಮೇಲೆ, ಕೋಣೆಯ ದೀಪ ಆರಿಸಿದಾಗ. ‘ನೋಡಮ್ಮ, ಮೊದಲು ಕಪ್ಪಾದಾಗ ಮಾನಿಟರಿನ ಗುಂಡಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಈಗ ನೀಲಿಯಾಗಿಯೇ ಇದೆಯಲ್ಲ’ ಎಂದರು ಅತ್ತೆ. ಹೌದು. ಪರದೆಯೂ ಪೂರ್ತಿ ಕತ್ತಲಾಗಿರಲಿಲ್ಲ, ಅಂಚಿನಲ್ಲಿ ಬೂದಿ ಬಣ್ಣದ ಮಂಕು ಬೆಳಕು ಸೋರುತ್ತಿತ್ತು. ಅಂದರೆ ಮಾನಿಟರ್ ಎಚ್ಚರವಾಗಿದೆ, ಹಿಂದಿನ ದೀಪ ಉರಿಯುತ್ತಲೇ ಇದೆ, ಅದರ ಮೇಲೆ ಯಾರೋ ಕಪ್ಪು ಬಳಿಯುತ್ತಿದ್ದಾರೆ. ವಿದ್ಯುತ್ತೂ ಉಳಿಯಲಿಲ್ಲ, ಓದೂ ಸಾಗಲಿಲ್ಲ!

ತಮ್ಮನಿಗೆ ಫೋನ್ ಮಾಡಿದಾಗ ಗುಟ್ಟು ಬಯಲಾಯಿತು. ಈ ಪರದೆಯನ್ನು ಆರಿಸುವ ಅಧಿಕಾರ ಒಬ್ಬರ ಕೈಯಲ್ಲಿಲ್ಲ. ಸ್ಕ್ರೀನ್‌ಸೇವರ್ ಒಬ್ಬ, ವಿದ್ಯುತ್ ಉಳಿತಾಯದವನು ಇನ್ನೊಬ್ಬ, ಇವರಿಬ್ಬರ ಕೆಳಗೆ ಪರದೆಗೆ ಚಿತ್ರ ಬರೆಯುವ ಎಕ್ಸ್ ಸರ್ವರ್ ಎಂಬ ಮೂರನೆಯವನು. ಅವನದೇ ಒಂದು ಸ್ವಂತ ಗಡಿಯಾರ. ಆಜ್ಞೆ ಟೈಪು ಮಾಡುವ ಟರ್ಮಿನಲ್ ಕಿಟಕಿ ತೆರೆದು ‘ಎಕ್ಸ್‌ಸೆಟ್ ಕ್ಯೂ’ ಎಂದು ಕೇಳಿದರೆ ಬಾಯಿ ಬಿಡುತ್ತಾನೆ: ಟೈಮ್‌ಔಟ್ 600. ಆರುನೂರು ಸೆಕೆಂಡು, ಅತ್ತೆಯ ಹತ್ತು ನಿಮಿಷ. ನಾನು ಮೇಲಿನ ಇಬ್ಬರ ಬಾಯಿ ಮುಚ್ಚಿಸಿದ್ದೆ, ಈ ಮೂರನೆಯವನ ಹೆಸರೂ ಯಾವ ಕಿಟಕಿಯಲ್ಲೂ ಇರಲಿಲ್ಲ.

‘ಎಕ್ಸ್‌ಸೆಟ್ ಎಸ್ ಆಫ್’ ಎಂದರೆ ಅವನ ಕಪ್ಪು ಬಳಿಯುವ ಚಾಳಿ ನಿಲ್ಲುತ್ತದೆ. ಮಾನಿಟರನ್ನು ಮಲಗಿಸುವ ವ್ಯವಸ್ಥೆಗೆ ಡಿಪಿಎಂಎಸ್ ಎಂದು ಹೆಸರು. ಅದನ್ನು ನಿಲ್ಲಿಸಲು ‘ಎಕ್ಸ್‌ಸೆಟ್’ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಅದಕ್ಕೆ ಅಂಟಿಸಿ ‘ಡಿಪಿಎಂಎಸ್’ ಎನ್ನಬೇಕು. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ಹಾಕಿದೆ, ಗೆದ್ದೆ ಎಂದುಕೊಂಡೆ. ಮಾರನೆಯ ದಿನ ಕಂಪ್ಯೂಟರ್ ಹಚ್ಚಿದರೆ ಮತ್ತೆ 600! ಈ ಆಜ್ಞೆಗಳ ಆಯುಸ್ಸು ಲಾಗ್‌ಔಟ್ ಆಗುವವರೆಗೆ ಮಾತ್ರವಂತೆ. ಎರಡನ್ನೂ ಲಾಗಿನ್ ಆದಾಗ ತಾನಾಗಿ ಓಡುವ ಪಟ್ಟಿಗೆ ಸೇರಿಸಿದ ಮೇಲೆ ಪೀಡೆ ಬಿಟ್ಟಿತು. ಎಕ್ಸ್ ಸರ್ವರಿನ ಬದಲು ವೇಲ್ಯಾಂಡ್ ಇರುವ ಹೊಸ ಯಂತ್ರಗಳಲ್ಲಿ ಈ ಮಂತ್ರ ನಡೆಯುವುದಿಲ್ಲ, ಅಲ್ಲಿ ಸೆಟ್ಟಿಂಗ್ಸ್‌ನಲ್ಲೇ ಹುಡುಕಬೇಕು.

ಪರದೆ ಆರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹಿಂದಿನ ಡಬ್ಬಿ ಮಾನಿಟರುಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಗಾಜಿನ ಒಳಗಿನ ಫಾಸ್ಫರ್ ಲೇಪನದ ಮೇಲೆ ಅದರ ಕಲೆ ಉಳಿದುಬಿಡುತ್ತಿತ್ತು. ಸ್ಕ್ರೀನ್‌ಸೇವರ್ ಹುಟ್ಟಿದ್ದೇ ಅದಕ್ಕೆ. ಈಗಿನ ಎಲ್‌ಸಿಡಿಯಲ್ಲಿ ಆ ಫಾಸ್ಫರ್ ಲೇಪನವೇ ಇಲ್ಲ. ವಿದ್ಯುತ್ತಿನ ಮಾತಿಗೆ ಬಂದರೆ, ನನ್ನ ಮಾನಿಟರಿನ ಬೆನ್ನಿನ ಚೀಟಿಯಲ್ಲಿ 20 ವ್ಯಾಟ್ ಎಂದಿದೆ: ಐವತ್ತು ಗಂಟೆ ಉರಿದರೆ ಒಂದು ಯೂನಿಟ್. ಆ ಒಂದು ಯೂನಿಟ್ಟನ್ನು ನಾನೇ ಕೊಡುತ್ತೇನೆ, ಓದಲು ಬಿಡಿ. ಲಿನಕ್ಸಿನ ತಿರುಳಾದ ಕರ್ನೆಲ್ ಬರೆಯುವವರಿಗೆ 2017ರಲ್ಲೇ ಬುದ್ಧಿ ಬಂದು, ಬರೀ ಅಕ್ಷರಗಳ ಕರಿ ಪರದೆ ಹತ್ತು ನಿಮಿಷಕ್ಕೆ ಆರುವುದನ್ನು 4.12ನೆಯ ಆವೃತ್ತಿಯಿಂದ ಕೈಬಿಟ್ಟರು. ಅದರ ಮೇಲೆ ಕುಳಿತ ಎಕ್ಸ್ ಸರ್ವರಿನವರಿಗೆ ಸುದ್ದಿ ಮುಟ್ಟಿಲ್ಲವೆಂದು ಕಾಣುತ್ತದೆ.

ಸಿನಿಮಾ ನೋಡುವವರಿಗೆ ಈ ಕಾಟವಿಲ್ಲ, ವಿಡಿಯೊ ಓಡುವಾಗ ಪರದೆಯನ್ನು ಆರಿಸಬೇಡ ಎಂದು ಪ್ಲೇಯರೇ ಹೇಳಿಬಿಡುತ್ತದೆ. ಕಣ್ಣಿನಿಂದ ದುಡಿಯುವವರ ಪರವಾಗಿ ಹೇಳುವವರು ಯಾರೂ ಇಲ್ಲ. ಕೈ ಆಡಿದರೆ ಮನುಷ್ಯ ಇದ್ದಾನೆ, ಓದುತ್ತಾ ಕುಳಿತರೆ ಎದ್ದು ಹೋಗಿದ್ದಾನೆ.

ಮೊನ್ನೆ ಆ ಅಂಗಡಿಗೆ ಹೋಗಿ, ಕೇಬಲ್ಲಿನಲ್ಲಿ ದೋಷವಿರಲಿಲ್ಲ, ಹೊಸದನ್ನು ತೆಗೆದುಕೊಂಡು ನನ್ನ 450 ರೂಪಾಯಿ ಕೊಡಿ ಎಂದೆ. ಬಳಸಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಹಾಗಾದರೆ ನನ್ನ ಹಳೆಯ ಕೇಬಲ್ಲನ್ನಾದರೂ ಕೊಡಿ ಎಂದೆ. ‘ಅದನ್ನು ಆವತ್ತೇ ಗುಜರಿಗೆ ಹಾಕಿಬಿಟ್ಟೆನಲ್ಲ ಮೇಡಂ’ ಎಂದ, ಮೌಸ್ ಅಲುಗಿಸುತ್ತಲೇ.