ನನ್ನ ನೋಟ್‌ಬುಕ್‌ನಲ್ಲಿ ಯಾರೂ ಬಿದ್ದಿರಲಿಲ್ಲ

ಸ್ಕೇಟ್‌ಬೋರ್ಡ್ ಆಡುವ ಹುಡುಗರ ಒಂದು ಗುಂಪಿನ ಬಗ್ಗೆ ಬರೆಯೋಣ ಅಂತ ಕೆಲವು ತಿಂಗಳು ದಿನಾ ಸಂಜೆ ಅವರ ಜೊತೆ ಕೂತಿದ್ದೆ. ಒಂದು ದಿನ ಅವರಲ್ಲೊಬ್ಬ ನನ್ನ ನೋಟ್‌ಬುಕ್ ಇಸಿದುಕೊಂಡು ಓದಿದ. ಟೋಪಿ, ಷೂ, ಬೋರ್ಡಿನ ಸ್ಟಿಕ್ಕರು, ಬೈಗುಳ ಎಲ್ಲ ಅದರಲ್ಲಿತ್ತು. ಪುಟ ತಿರುವಿ ತಿರುವಿ ನೋಡಿ ಕೇಳಿದ, "ಸರ್, ಇದ್ರಲ್ಲಿ ನಾವು ಬೀಳೋದೇ ಇಲ್ವಲ್ಲ?"

ನಾಚಿಕೆಯಾಯಿತು. ಸಂಜೆಯ ಮುಕ್ಕಾಲು ಭಾಗ ಅವರು ಬೀಳುತ್ತಲೇ ಇದ್ದರು. ಮೊಣಕೈ ಒರೆಸಿಕೊಂಡು ಮತ್ತೆ ಏಳುತ್ತಿದ್ದರು. ನಾನು ಮಾತ್ರ ಸರಿಯಾಗಿ ಕೂತ ಒಂದು ಜಿಗಿತಕ್ಕೆ ಪೆನ್ನು ಹಿಡಿದು ಕಾಯುತ್ತಿದ್ದೆ.

ಉಪಸಂಸ್ಕೃತಿ, ಅಂದರೆ ತಮ್ಮದೇ ವೇಷ, ಮಾತು, ರೂಢಿ ಇರುವ ಇಂಥ ಸಣ್ಣ ಗುಂಪುಗಳ ಬದುಕು, ಅಂದ ಕೂಡಲೇ ನಮ್ಮ ಕಣ್ಣು ವೇಷದ ಮೇಲೆ ಹೋಗುತ್ತದೆ. 1964ರಲ್ಲಿ ಶುರುವಾದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರದ ಸುತ್ತ ಬೆಳೆದ ಬರಹಗಳಲ್ಲೂ ಇದು ಜಾಸ್ತಿ. ಪಂಕ್ ಸಂಗೀತದ ಹುಚ್ಚಿನ ಹುಡುಗರು ಚುಚ್ಚಿಕೊಳ್ಳುತ್ತಿದ್ದ ಸೇಫ್ಟಿ ಪಿನ್ನಿನಲ್ಲೂ ಪ್ರತಿಭಟನೆ ಕಂಡವರು ಅಲ್ಲಿನ ಲೇಖಕರು. ಓದಲು ಸೊಗಸು, ಸುಳ್ಳು ಅಂತಲೂ ಹೇಳಲಾರೆ. ಆದರೆ ಆ ಪಿನ್ನು ಚುಚ್ಚಿಕೊಂಡವನು ಮಂಗಳವಾರ ಮಧ್ಯಾಹ್ನ ಏನು ಮಾಡುತ್ತಿದ್ದ? ಅದಕ್ಕೆ ಅವನ ಪಕ್ಕ ಕೂರಬೇಕು, ಬೋರು ಹೊಡೆಸಿಕೊಳ್ಳಬೇಕು. ಅದೇ ಕೇಂದ್ರದ ಏಂಜೆಲಾ ಮೆಕ್‌ರಾಬಿ ಮತ್ತು ಜೆನ್ನಿ ಗಾರ್ಬರ್ 1976ರಲ್ಲಿ ಕೇಳಿದ ಪ್ರಶ್ನೆ ಚೆನ್ನಾಗಿದೆ: ಈ ಅಧ್ಯಯನಗಳಲ್ಲಿ ಹುಡುಗಿಯರು ಎಲ್ಲಿ? ಬೀದಿಯಲ್ಲಷ್ಟೇ ನಿಂತು ನೋಡಿದರೆ ಮನೆಯ ಕೋಣೆಯೊಳಗೆ ಸೇರಿ ಪಾಪ್ ಹಾಡು ಕೇಳುವ ಗೆಳತಿಯರು ಕಾಣುವುದಿಲ್ಲ, ಅಲ್ವಾ.

ನನಗೆ ತುಂಬಾ ಹಿಡಿಸಿದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಫುಟ್ ವೈಟ್ ಕಥೆ. 1930ರ ದಶಕದ ಕೊನೆಯಲ್ಲಿ ಬೋಸ್ಟನ್‌ನ ನಾರ್ತ್ ಎಂಡ್‌ನಲ್ಲಿ, ಇಟಾಲಿಯನ್ ವಲಸಿಗರ ಬೀದಿಮೂಲೆಯ ಯುವಕರ ಜೊತೆ ಈತ ಬೆರೆತ. ಒಮ್ಮೆ ಅವರ ಹಾಗೇ ಇರೋಣ ಅಂತ ನಡೆಯುತ್ತಾ ಬೈಗುಳದ ಮಳೆ ಸುರಿಸಿದನಂತೆ. ಎಲ್ಲರೂ ನಿಂತುಬಿಟ್ಟರು. ಇದು ನಿನ್ನ ಮಾತಲ್ಲ, ನೀನು ಹೀಗೆ ಮಾತಾಡಬೇಡ ಅಂದರು. ಅವರಿಗೆ ಬೇಕಿದ್ದದ್ದು ನಕಲಿ ಗೆಳೆಯ ಅಲ್ಲ, ಆಸಕ್ತಿ ಇರುವ ಹೊರಗಿನವನು. ಅವನ ಮುಖ್ಯ ಒಡನಾಡಿ 'ಡಾಕ್' ಕೊಟ್ಟ ಸಲಹೆಯೂ ಅಂಥದ್ದೇ. ಪ್ರಶ್ನೆ ಕೇಳುವುದು ಬಿಡು, ಸುಮ್ನೆ ಜೊತೆಗಿರು, ಉತ್ತರ ತಾನಾಗಿ ಸಿಗುತ್ತದೆ. ಅದೇ ಡಾಕ್ ಮುಂದೊಮ್ಮೆ ಗೊಣಗಿದ್ದೂ ಇದೆ: ನೀನು ಬಂದ ಮೇಲೆ ಏನು ಮಾಡುವ ಮೊದಲೂ, ಇದನ್ನು ವೈಟ್‌ಗೆ ಹೇಗೆ ವಿವರಿಸಲಿ ಅಂತ ಯೋಚಿಸುವ ಹಾಗಾಗಿದೆ.

ನಾವು ನೋಡಿದ್ದರಿಂದಲೇ ಅವರು ಬದಲಾಗುತ್ತಾರೆ. ಬರೆದರೆ ಇನ್ನೂ ಜಾಸ್ತಿ. ಹಾಗಾಗಿ ಹೇಗೆ ನೋಡುತ್ತೇವೆ ಅನ್ನುವುದೂ ಮುಖ್ಯ. 1960ರ ದಶಕದಲ್ಲಿ ಅಮೆರಿಕದ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಲಾಡ್ ಹಂಫ್ರೀಸ್, ಸಾರ್ವಜನಿಕ ಶೌಚಾಲಯಗಳಲ್ಲಿ ಸಲಿಂಗ ಸಂಬಂಧಕ್ಕಾಗಿ ಗುಟ್ಟಾಗಿ ಸೇರುತ್ತಿದ್ದ ಗಂಡಸರ ಕಾರ್ ನಂಬರ್ ಬರೆದುಕೊಂಡು, ವಿಳಾಸ ಪತ್ತೆ ಮಾಡಿ, ವೇಷ ಬದಲಿಸಿ ಆರೋಗ್ಯ ಸಮೀಕ್ಷೆ ಅಂತ ಅವರ ಮನೆಗೇ ಹೋದ. ಅವನು ಯಾರ ಹೆಸರನ್ನೂ ಬಯಲು ಮಾಡಲಿಲ್ಲ, ನಿಜ. ಆದರೂ ನನಗೆ ಅದು ಒಪ್ಪಿಗೆಯಿಲ್ಲ.

ಕೊನೆಗೆ ನಾನು ಬೀಳುವುದನ್ನೇ ಮುಂದಿಟ್ಟು ಮತ್ತೆ ಬರೆದೆ. ಆ ಹುಡುಗನಿಗೇ ಓದಲು ಕೊಟ್ಟೆ. ನಕ್ಕ, ಎರಡು ಕಡೆ ತಿದ್ದಿದ. ಮನೆಯಲ್ಲಿ ಸುಳ್ಳು ಹೇಳಿ ಆಡಲು ಬರುವ ಒಂದು ಭಾಗ ತೆಗೆಯಿರಿ ಅಂದ. ಇಡೀ ಬರಹದಲ್ಲಿ ಚೆನ್ನಾಗಿ ಬಂದಿದ್ದ ಪುಟ ಅದು. ತೆಗೆದೆ.